ಓಡಿಸಿ, ಬಿಚ್ಚಿ, ಅಳೆದು ನೋಡಿದ ಇಂಜಿನ್

ನನ್ನ ಕೆಲಸ ಇಂಜಿನ್‌ಗಳನ್ನು ಸತಾಯಿಸುವುದು. ಇಂಜಿನ್ನಿನ ಶಕ್ತಿ ಅಳೆಯುವ ಡೈನಮೋಮೀಟರ್‌ಗೆ ಜೋಡಿಸಿ ವಾರಗಟ್ಟಲೆ ಓಡಿಸುತ್ತೇವೆ. ಆಮೇಲೆ ಪೂರ್ತಿ ಬಿಚ್ಚಿ, ಎಲ್ಲೆಲ್ಲಿ ಎಷ್ಟು ಸವೆದಿದೆ ಅಂತ ಅಳೆಯುತ್ತೇವೆ. ಹಾಗಾಗಿ ಇಂಗ್ಲೆಂಡಿನಲ್ಲಿರುವ ಅಕ್ಕನ ಮನೆಗೆ ಹೋದಾಗ ನಾನು ಮೊದಲು ನೋಡಬೇಕೆಂದು ಕೇಳಿದ್ದು ವೇಬ್ರಿಡ್ಜ್‌ನ ಹಳೆಯ ಕಾರ್ ರೇಸ್ ಟ್ರ್ಯಾಕ್ ಬ್ರೂಕ್‌ಲ್ಯಾಂಡ್ಸ್. "ರಜೆಗೆ ಬಂದ ಮೇಲೂ ಇಂಜಿನ್ನೇನಾ ಮಾರಾಯಾ?" ಅಂತ ಭಾವ ರೇಗಿಸಿದರು. ಆದರೂ ಕರೆದುಕೊಂಡು ಹೋದರು.

1907ರಲ್ಲಿ ತೆರೆದ ಕಾಂಕ್ರೀಟ್ ಟ್ರ್ಯಾಕ್ ಅದು. ಈಗ ಉಳಿದಿರುವುದು ತುಂಡುಗಳಷ್ಟೇ. ತಿರುವಿನ ಇಳಿಜಾರು ಹತ್ತುವಾಗ ಭಾವನಿಗೆ ಉಸಿರು ಹತ್ತಿತು. "ಇಷ್ಟು ಕಷ್ಟಪಟ್ಟು ಇದನ್ನ ಯಾಕೆ ಕಟ್ಟಿದ್ರೋ?" ಅಂದರು. ಆಗ ಬ್ರಿಟನ್ನಿನ ರಸ್ತೆಗಳಲ್ಲಿ ಗಂಟೆಗೆ 20 ಮೈಲಿ ಮೀರುವಂತಿರಲಿಲ್ಲ. ಕಾರನ್ನು ಗಂಟೆಗಟ್ಟಲೆ ಜೋರಾಗಿ ಓಡಿಸಿ ನೋಡಲು ಬೇರೆ ಜಾಗ ಎಲ್ಲಿತ್ತು?

ನನ್ನ ತಲೆಯಲ್ಲಿದ್ದದ್ದು ರೇಸ್ ಅಲ್ಲ, 1909ರಲ್ಲಿ ಡೈಮ್ಲರ್ ಕಾರು ಕಂಪನಿ ಮಾಡಿಸಿದ ಇಂಜಿನ್ ಪರೀಕ್ಷೆ. ಚಾರ್ಲ್ಸ್ ನೈಟ್ ಎಂಬ ಅಮೆರಿಕನ್‌ಗೆ ಆ ಕಾಲದ ಕಾರುಗಳ ವಾಲ್ವ್ (ಇಂಜಿನ್ ಒಳಗೆ ಗಾಳಿ, ಹೊರಗೆ ಹೊಗೆ ಬಿಡುವ ಮುಚ್ಚಳ) ಸದ್ದು ಕೇಳಿದರೆ ಆಗುತ್ತಿರಲಿಲ್ಲ. ವಾಲ್ವ್, ಸ್ಪ್ರಿಂಗ್ ಎಲ್ಲ ತೆಗೆದುಹಾಕಿದ. ಪಿಸ್ಟನ್ ಸುತ್ತ ಒಂದರೊಳಗೊಂದು ಎರಡು ಕೊಳವೆ ಇಟ್ಟ. ಅವು ಮೇಲೆ ಕೆಳಗೆ ಸರಿಯುವಾಗ ಅವುಗಳ ಕಿಂಡಿಗಳು ಸಿಲಿಂಡರಿನ ಕಿಂಡಿಗಳಿಗೆ ಎದುರಾಗಬೇಕು. ಆಗ ಗಾಳಿ, ಪೆಟ್ರೋಲ್ ಒಳಗೆ, ಹೊಗೆ ಹೊರಗೆ. ಇದೇ ಸ್ಲೀವ್ ವಾಲ್ವ್. ಕಾವೆಂಟ್ರಿಯ ಡೈಮ್ಲರ್ ಕಂಪನಿ ಇದನ್ನು ಒಪ್ಪಿಕೊಂಡಾಗ ಎಷ್ಟೋ ಜನ ನಂಬಲಿಲ್ಲ. ಅಷ್ಟು ಬಿಸಿಯಲ್ಲಿ ಲೋಹಕ್ಕೆ ಲೋಹ ಉಜ್ಜಿದರೆ ಕಚ್ಚಿಕೊಳ್ಳದೆ ಇರುತ್ತಾ?

ಕಂಪನಿ ರಾಯಲ್ ಆಟೋಮೊಬೈಲ್ ಕ್ಲಬ್ಬಿನವರನ್ನೇ ಕರೆದು, ನೀವೇ ನೋಡಿ ಅಂದಿತು. ಎರಡು ಇಂಜಿನ್, ಒಂದು ದೊಡ್ಡದು, ಒಂದು ಚಿಕ್ಕದು. ಮೊದಲು ಬೆಂಚಿನ ಮೇಲೆ, ಅಂದರೆ ಪರೀಕ್ಷೆಗೆ ಇಂಜಿನ್ ಕೂರಿಸುವ ಕಟ್ಟೆಯ ಮೇಲೆ, 132 ಗಂಟೆ, ಅಂದರೆ ಐದೂವರೆ ದಿನ. ಆಮೇಲೆ ಅವನ್ನೇ ಕಾರಿಗೆ ಕೂರಿಸಿ ಬ್ರೂಕ್‌ಲ್ಯಾಂಡ್ಸ್‌ಗೆ ತಂದು, ಒಂದೊಂದನ್ನೂ 1,900 ಮೈಲಿಗೂ ಜಾಸ್ತಿ ಓಡಿಸಿದರು. ವೇಗ ಗಂಟೆಗೆ ಸುಮಾರು 42 ಮೈಲಿ. ಹತ್ತಿರ ಹತ್ತಿರ 700 ಸುತ್ತು! ಡ್ರೈವರ್‌ಗಳ ಸೊಂಟ ಏನಾಯಿತೋ, ಅದನ್ನು ಯಾರೂ ಅಳೆಯಲಿಲ್ಲ. ಕಾವೆಂಟ್ರಿಗೆ ಮರಳಿದ ಮೇಲೆ ಮತ್ತೆ 5 ಗಂಟೆ ಬೆಂಚು.

ದೊಡ್ಡ ಇಂಜಿನ್ ಮೊದಲು 54 ಹಾರ್ಸ್ ಪವರ್ ಕೊಟ್ಟಿತ್ತು. ಕೊನೆಯಲ್ಲಿ ಕೊಟ್ಟಿದ್ದು 57. ಭಾವ ನಂಬಲೇ ಇಲ್ಲ, "ಸವೆದ ಮೇಲೆ ಶಕ್ತಿ ಹೆಚ್ಚುತ್ತಾ?" ಅಂದರು. ಹೆಚ್ಚುತ್ತೆ. ಹೊಸ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳಲು ಸಮಯ ಬೇಕು. ನಮ್ಮ ಪರೀಕ್ಷಾ ಕೋಣೆಯಲ್ಲೂ ಆ ಹೊಂದಿಕೊಳ್ಳುವ ಓಟ, ಅಂದರೆ ರನ್ನಿಂಗ್ ಇನ್, ಮುಗಿಯದೆ ಪವರ್ ಅಳೆಯುವುದಿಲ್ಲ. ಆ ಡೈಮ್ಲರ್ ಇಂಜಿನ್‌ಗಳನ್ನು ಬಿಚ್ಚಿದಾಗ ಉಜ್ಜುವ ಮೇಲ್ಮೈಗಳಲ್ಲಿ ಗೊತ್ತಾಗುವಂಥ ಸವೆತವೇ ಇರಲಿಲ್ಲ. ಒಳ್ಳೆಯ ತಾಂತ್ರಿಕ ಸಾಧನೆಗೆ ಅದೇ ಕ್ಲಬ್ಬು ಕೊಡುವ ಡ್ಯೂವರ್ ಟ್ರೋಫಿ ಆ ವರ್ಷ ಡೈಮ್ಲರ್‌ಗೇ ಹೋಯಿತು.

ಒಪ್ಪಿದೆ, ಭಾರೀ ಪರೀಕ್ಷೆ. ಆದರೂ ನನಗೊಂದು ತಕರಾರಿದೆ. ಒಂದೇ ಸಮ ಓಡುವ ಬಿಸಿ ಇಂಜಿನ್‌ಗೆ ಎಣ್ಣೆ ಸದಾ ಸಿಗುತ್ತಿರುತ್ತದೆ, ಅದು ಸುಖವಾಗೇ ಇರುತ್ತದೆ. ಸವೆತ ಜಾಸ್ತಿ ಆಗುವುದು ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ, ಸ್ವಲ್ಪ ದೂರ ಹೋಗಿ, ಆಫ್ ಮಾಡಿದಾಗ. ಮಾರ್ಕೆಟ್ಟಿಗೆ, ಸ್ಕೂಲಿಗೆ ಅಂತ ನಾವು ದಿನಾ ಮಾಡುವುದು ಅದನ್ನೇ ಅಲ್ವಾ? ಅದಕ್ಕೇ ಈಗ ಬೆಂಚಿನ ಮೇಲೂ ಇಂಜಿನ್ ಅನ್ನು ಕಾಯಿಸಿ, ತಣ್ಣೀರು ಹರಿಸಿ ತಣಿಸಿ, ಮತ್ತೆ ಕಾಯಿಸುತ್ತೇವೆ. ಆ ಶಾಕ್‌ಗೆ ಇಂಜಿನ್ ಭಾಗಗಳ ಸಂದು ಮುಚ್ಚುವ ಗ್ಯಾಸ್ಕೆಟ್ ಬಾಯಿ ಬಿಟ್ಟದ್ದನ್ನು ನಾನೇ ನೋಡಿದ್ದೇನೆ.

"ಅಷ್ಟು ಗಟ್ಟಿಯಾಗಿದ್ರೆ ಮತ್ಯಾಕೆ ಬಿಟ್ರು?" ಅಂತ ಭಾವ ಕೇಳಿದರು. ಎಣ್ಣೆ ಕುಡಿಯುತ್ತಿತ್ತು. ಆ ಡೈಮ್ಲರ್‌ಗಳ ಹಿಂದೆ ನೀಲಿ ಹೊಗೆ ಏಳುವುದು ಹೆಸರುವಾಸಿ. ಕೊಳವೆಗಳು ಕಚ್ಚಿಕೊಳ್ಳದಿರಲು ಎಣ್ಣೆ ಬೇಕೇ ಬೇಕು, ಅದರಲ್ಲಿ ಒಂದಿಷ್ಟು ಉರಿದೂ ಹೋಗುತ್ತಿತ್ತು. ಅಷ್ಟರಲ್ಲಿ ಮಾಮೂಲಿ ವಾಲ್ವ್‌ಗಳೂ ಸುಧಾರಿಸಿ ಸದ್ದು ಕಮ್ಮಿಯಾಯಿತು. 1930ರ ದಶಕದಲ್ಲಿ ಡೈಮ್ಲರ್ ಕೂಡ ಅವಕ್ಕೇ ಮರಳಿತು.

"ಸರಿ, ಕಾಫಿ ಕುಡಿಯೋಣ್ವಾ?" ಅಂದರು ಭಾವ. ಟೆಸ್ಟ್ ಹಿಲ್ ಇನ್ನೂ ಬಾಕಿ ಇತ್ತು. ಅದೂ 1909ರದ್ದೇ, ಕಾರುಗಳ ಏರುವ ಶಕ್ತಿ ಮತ್ತು ಬ್ರೇಕ್ ನೋಡಲು ಕಟ್ಟಿದ ಕಡಿದಾದ ಏರು. ಅದನ್ನು ನಾನೊಬ್ಬನೇ ಹತ್ತಿದೆ.