ಕೊಂಬೋ, ಪ್ಲಾಸ್ಟಿಕ್ಕೋ?

ಶೆಫೀಲ್ಡ್‌ನ ಭಾನುವಾರದ ಸಂತೆಯಲ್ಲಿ 5 ಪೌಂಡಿಗೆ ಹಳೇ ಕ್ಷೌರದ ಕತ್ತಿಯೊಂದು ಸಿಕ್ಕಿತು. ಕಪ್ಪು ಹಿಡಿ, ಮೇಲೆಲ್ಲ ಬೂದಿ ಬಳಿದ ಹಾಗೆ. ಮಾರುವವರು ಕೊಂಬು ಅಂದರು. ಸುಮ್ನೆ ನಂಬೋದು ಹೇಗೆ?

ಮನೆಗೆ ಬಂದು ಹಿಂದಿನಿಂದ ಟಾರ್ಚ್ ಹಿಡಿದೆ. ಅಂಚಿನಲ್ಲಿ ಜೇನಿನ ಬಣ್ಣ, ಒಳಗೆ ಉದ್ದುದ್ದ ಗೆರೆ. ಹುಳು ಕೊರೆದ ಸಣ್ಣ ಗುಳಿ ಬೇರೆ. ಪ್ಲಾಸ್ಟಿಕ್ಕನ್ನು ಹುಳು ಮುಟ್ಟಲ್ಲ, ಅಲ್ವಾ! ಕಾದ ಸೂಜಿ ತಾಗಿಸಿದರೆ ಕೊಂಬು ಸುಟ್ಟ ಕೂದಲಿನ ಹಾಗೆ ನಾರುತ್ತದೆ; ಎರಡೂ ಕೆರಾಟಿನ್ ಅನ್ನೋ ಪ್ರೋಟೀನೇ. ನಾನು ತಾಗಿಸಲಿಲ್ಲ. ಅಕಸ್ಮಾತ್ ಸೆಲ್ಯುಲಾಯ್ಡ್ ಅನ್ನೋ ಹಳೇ ಕಾಲದ ಪ್ಲಾಸ್ಟಿಕ್ ಆಗಿದ್ದರೆ ಭಗ್ಗನೆ ಹತ್ತಿಕೊಳ್ಳುತ್ತದೆ.

600, 1000, 2000 ನಂಬರಿನ, ನೀರು ಹಚ್ಚಿ ಉಜ್ಜುವ ಮರಳುಕಾಗದ, ಅಂದರೆ ವಾಟರ್ ಪೇಪರ್‌ನಲ್ಲಿ ಗೆರೆಯ ಉದ್ದಕ್ಕೇ ಉಜ್ಜಿದೆ. ನೀರು ಜಾಸ್ತಿಯಾದರೆ ಕೊಂಬು ಸೊಟ್ಟಗಾಗುತ್ತದೆ. ಕೊನೆಗೆ ಒಂದು ಹನಿ ಎಣ್ಣೆ.

ವಿಡಿಯೊ ಕಾಲ್‌ನಲ್ಲಿ ನೋಡಿದ ಅಮ್ಮ, "ಅಜ್ಜಿಯ ಕೊಂಬಿನ ಬಾಚಣಿಗೆ ಥರಾನೇ ಇದೆಯಲ್ಲೋ" ಅಂದರು.