ಹತ್ತಿಯಿಂದ ಕಾರು ಮಾಡಿದ ಊರಲ್ಲಿ ಒಂದು ದಿನ

ಜರ್ಮನಿಯ ಲೈಪ್‌ಜಿಗ್‌ನಿಂದ ಬೆಳಿಗ್ಗೆ ಲೋಕಲ್ ರೈಲಿನಲ್ಲಿ ತ್ಸ್ವಿಕಾವ್‌ಗೆ ಹೊರಟೆ. ಸಂಗೀತ ಗೊತ್ತಿರುವವರಿಗೆ ಇದು ಶೂಮನ್ ಹುಟ್ಟಿದ ಊರು. ನಾನು ಹೋಗಿದ್ದು ಮಾತ್ರ ಟ್ರಾಬಾಂಟ್ ಕಾರು ನೋಡೋಕೆ. ಪೂರ್ವ ಜರ್ಮನಿ ಅಂತ ಒಂದು ದೇಶ ಇದ್ದಾಗ ಅಲ್ಲಿನ ಸಾಮಾನ್ಯ ಜನರ ಕಾರು ಇದೇ. 1957ರಿಂದ 1991ರವರೆಗೆ 30 ಲಕ್ಷಕ್ಕೂ ಜಾಸ್ತಿ ಕಾರುಗಳು ಈ ಊರಿನಿಂದ ಹೊರಟವು.

ಹಳೇ ಆಡಿ ಕಾರ್ಖಾನೆಯ ಜಾಗದಲ್ಲಿ ಈಗ ಔಗುಸ್ಟ್ ಹೋರ್ಶ್ ಮ್ಯೂಸಿಯಂ ಇದೆ. ಹೊಳೆಯುವ ದೊಡ್ಡ ಕಾರುಗಳ ಮುಂದೆ ಜನ ಜಾಸ್ತಿ ಇದ್ದರು. ನಾನು ಬೇಗ ದಾಟಿ ಟ್ರಾಬಾಂಟ್ ಹತ್ತಿರ ಬಂದೆ, ಅಲ್ಲೇ ಅರ್ಧ ದಿನ ಕಳೆಯಿತು. ಈ ಕಾರಿನ ಮೈ ತಗಡಿನದ್ದಲ್ಲ. ಕಾರಿಗೆ ಬೇಕಾದ ತೆಳು ಉಕ್ಕಿನ ತಗಡು ಸಾಕಷ್ಟು ಸಿಗುತ್ತಿರಲಿಲ್ಲ, ಪಶ್ಚಿಮದ ದೇಶಗಳು ಮಾರಲು ಒಪ್ಪುತ್ತಿರಲಿಲ್ಲ. ಅದಕ್ಕೆ ಇಲ್ಲಿನ ಎಂಜಿನಿಯರುಗಳು ಸೋವಿಯತ್ ಒಕ್ಕೂಟದಿಂದ ಬರುತ್ತಿದ್ದ ಹತ್ತಿಯ ತ್ಯಾಜ್ಯವನ್ನು ಪದರ ಪದರವಾಗಿ ಹಾಸಿ, ನಡುವೆ ಬಿಸಿಗೆ ಗಟ್ಟಿಯಾಗುವ ಫೀನಾಲ್ ರಾಳದ ಪುಡಿ ಉದುರಿಸಿ, ಬಿಸಿ ಪ್ರೆಸ್‌ನಲ್ಲಿ ಒತ್ತಿ ಬಾಗಿಲು, ಬಾನೆಟ್ ಮಾಡಿದರು. ಅದರ ಹೆಸರು ಡ್ಯುರೋಪ್ಲಾಸ್ಟ್. ನಾನು ದಾವಣಗೆರೆಯವಳು, ಮಿಲ್ಲಿನ ಅರಳೆ ಗಾಳಿಯಲ್ಲಿ ತೇಲುವುದನ್ನು ನೋಡಿಕೊಂಡೇ ಬೆಳೆದವಳು. ಅದೇ ಅರಳೆ ಕಾರಿನ ಬಾಗಿಲಾಗಿದೆ ಅಂದ್ರೆ ನಂಬೋಕೆ ಒಂದು ಕ್ಷಣ ಬೇಕಾಯಿತು.

ಆದರೆ ಇಲ್ಲೇ ತೊಡಕು ಕೂಡ ಇತ್ತು. ತಗಡಾದರೆ ಕೆಲವೇ ಸೆಕೆಂಡಿನಲ್ಲಿ ಅಚ್ಚಾಗುತ್ತದೆ, ಇದು ಪ್ರೆಸ್‌ನಲ್ಲಿ ನಿಮಿಷಗಟ್ಟಲೆ ಕೂರಬೇಕು. ಹೆಚ್ಚು ಕಾರು ಬೇಕು ಅಂದ್ರೆ ಹೆಚ್ಚು ಪ್ರೆಸ್ ಬೇಕು, ಹೊಸ ಪ್ರೆಸ್‌ಗೆ ಹಣ ಬೇಕು, ಆ ಹಣ ಎಲ್ಲಿಗೆ ಹೋಗಬೇಕು ಅನ್ನೋದು ಕಾರ್ಖಾನೆಯಲ್ಲಲ್ಲ, ಬರ್ಲಿನ್‌ನ ಯೋಜನಾ ಆಯೋಗ ಮತ್ತು ಆಳುವ ಕಮ್ಯುನಿಸ್ಟ್ ಪಕ್ಷದ ಮೇಲಿನವರ ಮೇಜಿನ ಮೇಲೆ ತೀರ್ಮಾನವಾಗುತ್ತಿತ್ತು. ಕಾರಿನ ಬೆಲೆಯೂ ಸರ್ಕಾರದ್ದೇ. ಹಾಗಾಗಿ ಜನ ಹೆಸರು ಬರೆಸಿ ಹತ್ತು ವರ್ಷ, ಅದಕ್ಕೂ ಜಾಸ್ತಿ ಕಾದರು. ಕಾಯೋಕೆ ಆಗದವರು ಹಳೇ ಕಾರಿಗೆ ಹೊಸದಕ್ಕಿಂತ ಜಾಸ್ತಿ ದುಡ್ಡು ಕೊಟ್ಟರು.

ಈ ಎಂಜಿನಿಯರುಗಳನ್ನು ನೆನೆದರೆ ನನಗೆ ತುಂಬಾ ಪಾಪ ಅನಿಸುತ್ತದೆ. ಅವರು ಸುಮ್ನೆ ಕೂತಿರಲಿಲ್ಲ. 1960ರ ದಶಕದಲ್ಲೇ ಪಿ603 ಅಂತ ಹಿಂದೆ ಬಾಗಿಲಿರುವ ಹೊಸ ಕಾರು ಸಿದ್ಧ ಮಾಡಿದ್ದರು. 1968ರಲ್ಲಿ ಅದನ್ನು ಮೇಲಿನವರೇ ನಿಲ್ಲಿಸಿದರು. 1964ರ ಟ್ರಾಬಾಂಟ್ 601 ಹೊರನೋಟಕ್ಕೆ ಹೆಚ್ಚು ಬದಲಾಗದೆ 1990ರವರೆಗೂ ಬಂತು, ಕೊನೆಗೂ ಬರೀ 26 ಕುದುರೆಶಕ್ತಿಯ ಎರಡು ಸ್ಟ್ರೋಕ್ ಎಂಜಿನ್ ಜೊತೆಗೇ.

ಬಾನೆಟ್ ತೆಗೆದಿಟ್ಟ ಒಂದು ಕಾರಿನ ಮುಂದೆ ಒಬ್ಬ ಅಜ್ಜ ಮೊಮ್ಮಗಳಿಗೆ ಏನೋ ತೋರಿಸುತ್ತಿದ್ದರು. ಪೆಟ್ರೋಲ್ ಟ್ಯಾಂಕ್ ಎಂಜಿನ್ ಪಕ್ಕದಲ್ಲೇ ಇದೆ, ಪೆಟ್ರೋಲ್ ಎಷ್ಟಿದೆ ಅಂತ ನೋಡೋಕೆ ಅದರೊಳಗೆ ಕಡ್ಡಿ ಇಳಿಸಬೇಕು. ಅಜ್ಜ ಬರಿಗೈಯಲ್ಲೇ ಕಡ್ಡಿ ಇಳಿಸಿ, ಎತ್ತಿ, ಬೆಳಕಿಗೆ ಹಿಡಿದು ನೋಡುವ ಹಾಗೆ ಮಾಡಿದರು. ಆ ಕೈಗೆ ಅಭ್ಯಾಸ ಇನ್ನೂ ಹೋಗಿರಲಿಲ್ಲ.

ಸಂಜೆ ಸ್ಟೇಷನ್‌ನಿಂದ ಅಪ್ಪನಿಗೆ ಫೋನ್ ಮಾಡಿದೆ. ನಮ್ಮಲ್ಲೂ ಪರ್ಮಿಟ್ ಕಾಲ ಇತ್ತಲ್ವಾ, ಸ್ಕೂಟರ್ ಬುಕ್ ಮಾಡಿ ಅವರೂ ವರ್ಷಗಟ್ಟಲೆ ಕಾದವರು. ಎಲ್ಲ ಕೇಳಿಸಿಕೊಂಡು, "ಬಣ್ಣನಾದ್ರೂ ಅವರೇ ಆರಿಸ್ಕೋಬಹುದಿತ್ತೇನಮ್ಮಾ?" ಅಂದರು. ಅಪ್ಪ ಕೇಳಿದ್ದು ನೀಲಿ ಸ್ಕೂಟರ್, ಬಂದಿದ್ದು ಬೂದು. ಮಾತಾಡದೆ ಮನೆಗೆ ತಂದಿದ್ದರು.