ಮೆಸ್ ಟೇಬಲ್ ಮೇಲಿನ ಪರ್ಚಾ

ನಾನು ಎಂಎ ಮಾಡೋಕೆ ದೆಹಲಿಯ ಜೆಎನ್‌ಯುಗೆ, ಅಂದ್ರೆ ಜವಾಹರಲಾಲ್ ನೆಹರು ವಿಶ್ವವಿದ್ಯಾಲಯಕ್ಕೆ, ಹೋಗಿದ್ದು 2013ರಲ್ಲಿ. ಹಾಸ್ಟೆಲ್ ಮೆಸ್ಸಲ್ಲಿ ಪ್ರತಿ ಟೇಬಲ್ ಮೇಲೂ ಪರ್ಚಾ ಬಿದ್ದಿರ್ತಿತ್ತು, ಪರ್ಚಾ ಅಂದ್ರೆ ಕರಪತ್ರ. ಎಡದವರದ್ದು, ಎಬಿವಿಪಿಯವರದ್ದು, ದಲಿತ ಸಂಘಟನೆಯವರದ್ದು ಎಲ್ಲಾ ಒಂದರ ಮೇಲೊಂದು, ದಾಲ್ ಚೆಲ್ಲಿ ಅಂಟ್ಕೊಂಡು. ಒಂದ್ ಕೈಲಿ ರೊಟ್ಟಿ, ಇನ್ನೊಂದ್ ಕೈಲಿ ಪರ್ಚಾ. ಊಟ ಮುಗಿದ್ಮೇಲೆ ಅದೇ ಮೆಸ್ಸಲ್ಲಿ ಮೀಟಿಂಗು, ಯಾರೋ ಒಬ್ರು ಬಂದು ಮಾತಾಡೋರು, ಆಮೇಲೆ ಪ್ರಶ್ನೆ ಮೇಲೆ ಪ್ರಶ್ನೆ, ರಾತ್ರಿ ಹನ್ನೆರಡಾದ್ರೂ ಯಾರೂ ಏಳ್ತಿರಲಿಲ್ಲ.

ಅಲ್ಲಿ ಯೂನಿಯನ್ ಚುನಾವಣೆ ನಡೆಸೋದು ವಿದ್ಯಾರ್ಥಿಗಳದ್ದೇ ಎಲೆಕ್ಷನ್ ಕಮಿಷನ್. ಅಧ್ಯಕ್ಷ ಸ್ಥಾನಕ್ಕೆ ನಿಂತೋರ ಡಿಬೇಟಲ್ಲಿ ಒಬ್ರಿಗೊಬ್ರು ಪ್ರಶ್ನೆ ಕೇಳ್ಬೇಕು, ಎದುರಾಳಿ ಏನಂದ ಅಂತ ಪೂರ್ತಿ ಕೇಳಿಸ್ಕೊಳ್ದೆ ಉತ್ತರ ಕೊಡೋಕಾಗಲ್ಲ. ಕೂಗಾಟ ಇರ್ಲಿಲ್ಲ ಅಂತಲ್ಲ, ಡೋಲು ಘೋಷಣೆ ಎಲ್ಲಾ ಜೋರಾಗೇ ಇತ್ತು. ಆದ್ರೂ ಬೆಳಿಗ್ಗೆ ಅದೇ ಇಬ್ರು ಢಾಬಾದಲ್ಲಿ ಒಟ್ಟಿಗೆ ಚಾಯ್ ಕುಡೀತಿದ್ದಿದ್ದು ನಾನೇ ನೋಡಿದೀನಿ.

2005ರಲ್ಲಿ ಪ್ರಧಾನಿ ಮನಮೋಹನ್ ಸಿಂಗ್ ಬಂದಾಗ ಇದೇ ಕ್ಯಾಂಪಸ್ಸಲ್ಲಿ ಕಪ್ಪು ಬಾವುಟ ತೋರ್ಸಿದ್ರು. ನಿಮ್ಮ ಮಾತು ನಾನು ಒಪ್ದೇ ಇರಬಹುದು, ಆದ್ರೆ ಹೇಳೋ ನಿಮ್ಮ ಹಕ್ಕನ್ನ ಕಾಪಾಡ್ತೀನಿ ಅನ್ನೋ ಅರ್ಥದ ಮಾತನ್ನ ಅವತ್ತಿನ ಭಾಷಣದಲ್ಲೇ ಅವರು ಹೇಳಿದ್ರು. ಹತ್ತು ವರ್ಷ ಕಳೆದ್ಮೇಲೆ, 2016ರ ಫೆಬ್ರವರಿಯಲ್ಲಿ, ಘೋಷಣೆ ಕೂಗಿದ್ರು ಅಂತ ದೇಶದ್ರೋಹದ ಕೇಸು ಬಿತ್ತು, ಯೂನಿಯನ್ ಅಧ್ಯಕ್ಷ ಕನ್ಹಯ್ಯ ಕುಮಾರ್ ಅರೆಸ್ಟ್ ಆದ್ರು, ಕೋರ್ಟಿಗೆ ಕರ್ಕೊಂಡು ಹೋದಾಗ ಅಲ್ಲೇ ಹೊಡೆದ್ರು. ಆ ಘೋಷಣೆಗಳಲ್ಲಿ ಕೆಲವು ನನಗೆ ಇವತ್ತಿಗೂ ಹಿಡ್ಸಲ್ಲ. ಆದ್ರೆ ಅದಕ್ಕೆ ಉತ್ತರ ಕೊಡ್ಬೇಕಾಗಿದ್ದಿದ್ದು ಮೆಸ್ಸಲ್ಲಿ, ಮರುದಿನದ ಪರ್ಚಾದಲ್ಲಿ. 2020ರ ಜನವರಿ 5ಕ್ಕೆ ಮುಖ ಮುಚ್ಕೊಂಡೋರು ದೊಣ್ಣೆ ಹಿಡ್ಕೊಂಡು ಹಾಸ್ಟೆಲ್ಲಿಗೇ ನುಗ್ಗಿದ್ರು. ಟಿವೀಲಿ ಅದನ್ನ ನೋಡಿ ಅವತ್ತು ಊಟ ಸೇರ್ಲಿಲ್ಲ.

ನಮ್ ಕರ್ನಾಟಕದಲ್ಲಂತೂ ಎಂಬತ್ತರ ದಶಕದ ಕೊನೇಲೇ ಹೊಡೆದಾಟ ಆಗುತ್ತೆ ಅಂತ ಕಾಲೇಜು ಚುನಾವಣೆ ನಿಲ್ಸಿದ್ರು. ಹೊಡೆದಾಟ ಆಗ್ತಿದ್ದಿದ್ದು ನಿಜ. ಆದ್ರೆ ಅದರ ಜೊತೆಗೆ ಎದುರಿಗೆ ನಿಂತು ವಾದ ಮಾಡೋ ಅಭ್ಯಾಸಾನೂ ಹೋಯ್ತು ನೋಡಿ, ಈಗ ನಮ್ ಹುಡುಗ್ರು ಜೀವನದ ಮೊದಲ ರಾಜಕೀಯ ವಾದ ಮಾಡೋದೇ ವಾಟ್ಸಾಪಲ್ಲಿ, ಮುಖ ಕಾಣಲ್ಲ, ನಾಲ್ಕನೇ ಮೆಸೇಜಿಗೆ ಬೈಗುಳ, ಐದನೇದಕ್ಕೆ ಎಕ್ಸಿಟ್.

ಹೋದ್ ವರ್ಷ ಒಂದು ಕಾಲೇಜಿನ ಚರ್ಚಾಸ್ಪರ್ಧೆಗೆ ಜಡ್ಜ್ ಆಗಿ ಹೋಗಿದ್ದೆ. ವಿಷಯ ವಿದ್ಯಾರ್ಥಿ ಸಂಘದ ಚುನಾವಣೆ ಬೇಕೇ ಬೇಡವೇ ಅಂತಿತ್ತು. ಬೆಳಿಗ್ಗೆ ಹೋದ್ರೆ ಬೋರ್ಡ್ ಅಳ್ಸಿ 'ಮೊಬೈಲ್ ವರವೋ ಶಾಪವೋ' ಅಂತ ಬರೆದಿದ್ರು. ಪೊಲಿಟಿಕಲ್ ಬೇಡ ಸರ್, ಸುಮ್ನೆ ತಲೆನೋವು, ಅಂದ್ರು ಪ್ರಿನ್ಸಿಪಾಲರು. ಮುಗಿದ್ಮೇಲೆ ಬಿಎ ಎರಡನೇ ವರ್ಷದ ಹುಡುಗಿ ಒಬ್ಳು ನಾಲ್ಕು ಹಾಳೆ ಹಿಡ್ಕೊಂಡು ಬಂದ್ಲು, ಹಳೇ ವಿಷಯಕ್ಕೆ ರೆಡಿ ಮಾಡ್ಕೊಂಡಿದ್ದಿದ್ದು, ಎರಡು ಹಾಳೆ ಪರ, ಎರಡು ವಿರೋಧ. ಸರ್ ಒಂದ್ಸಲ ಕೇಳ್ತೀರಾ ಅಂದ್ಲು. ಕ್ಯಾಂಟೀನಲ್ಲಿ ಕೂತು ನಾಲ್ಕೂ ಹಾಳೆ ಕೇಳಿದೆ. ವಿರೋಧದ ಎರಡು ಹಾಳೆ ನನ್ನ ವಾದಕ್ಕಿಂತ ಗಟ್ಟಿಯಾಗಿತ್ತು, ಬಸ್ಸಲ್ಲಿ ಬರ್ತಾ ಅದಕ್ಕೇ ಉತ್ತರ ಹುಡುಕ್ತಿದ್ದೆ.